ಬಣ್ಣ ಬಳಿಯದ ವಿಮಾನದ ಬಣ್ಣ ಯಾವುದು?

ಅಂಗಡಿಯಿಂದ ಆಗಷ್ಟೇ ತಂದ ಅಲ್ಯೂಮಿನಿಯಂ ಡಬರಿಗೂ ಆರು ತಿಂಗಳು ಅಡುಗೆಮನೆಯಲ್ಲಿ ದುಡಿದ ಡಬರಿಗೂ ಎಷ್ಟು ವ್ಯತ್ಯಾಸ ಎಂಬುದು ಎಲ್ಲರಿಗೂ ಗೊತ್ತು. ಹೊಸದರಲ್ಲಿ ಮುಖ ಕಾಣುವಷ್ಟು ಹೊಳಪು. ಬರಬರುತ್ತ ಅದು ಮಾಸಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ತಳ ಬೆಂಕಿಗೆ ಕಪ್ಪಾಗುತ್ತದೆ. ಉಜ್ಜಿ ತೊಳೆದ ಕಡೆ ಸಣ್ಣ ಗೆರೆಗಳು ಮೂಡುತ್ತವೆ. ಪಕ್ಕದಲ್ಲಿ ಸ್ಟೀಲಿನ ಲೋಟವೊಂದಿದ್ದರೆ ಅದರ ಹೊಳಪೇ ಬೇರೆ. ಇಷ್ಟಾದರೂ ಅಲ್ಯೂಮಿನಿಯಂ ಬಣ್ಣ ಯಾವುದು ಎಂದು ಯಾರನ್ನಾದರೂ ಕೇಳಿ ನೋಡಿ. ಬೆಳ್ಳಿ ಬಣ್ಣ ಎಂಬ ಒಂದೇ ಉತ್ತರ ಬರುತ್ತದೆ.

ಈ ಉತ್ತರವನ್ನು ಒಪ್ಪದವರು ಕೆಲವರಿದ್ದಾರೆ. ಅವರೇ ವಿಮಾನಗಳ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸಿಗಳು. ಅಂಗೈಯಗಲದ ಪ್ಲಾಸ್ಟಿಕ್ ವಿಮಾನಕ್ಕೆ ಬಣ್ಣ ಬಳಿಯದ ಲೋಹದ ಮೈ ತರಿಸುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಹಲವು ದಶಕಗಳಿಂದ ಕಾಡುತ್ತಿದೆ. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ಆಟ. ಆದರೆ ಈ ಆಟದ ಬೆನ್ನು ಹತ್ತಿ ಹೋದರೆ ಅದು ನಮ್ಮನ್ನು ಮಹಾಯುದ್ಧದ ಕಾಲದ ಕಾರ್ಖಾನೆಗಳಿಗೂ, ಬೆಂಗಳೂರಿನ ಹೆಚ್‌ಎಎಲ್ ಅಂಗಳಕ್ಕೂ ಕರೆದೊಯ್ಯುತ್ತದೆ. ಹಳೆಯದನ್ನು ನಾವು ಇದ್ದಂತೆ ನೆನಪಿಟ್ಟುಕೊಳ್ಳುತ್ತೇವೆಯೇ ಅಥವಾ ಉಜ್ಜಿ ಹೊಳಪು ಕೊಟ್ಟು ನೆನಪಿಟ್ಟುಕೊಳ್ಳುತ್ತೇವೆಯೇ ಎಂಬ ಪ್ರಶ್ನೆಯನ್ನೂ ಮುಂದಿಡುತ್ತದೆ.

ಆರಡಿಗೆ ಒಂದು ಅಂಗುಲ

ಮೊದಲು ಮಾದರಿಗಳ ಬಗ್ಗೆ ಎರಡು ಮಾತು. ಇವು ಹಾರುವ ಆಟಿಕೆಗಳಲ್ಲ. ನಿಜವಾದ ವಿಮಾನದ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದವು. ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳಲ್ಲಿ ಒಂದು 72ನೇ ಒಂದು ಭಾಗ. ಅಂದರೆ ನಿಜ ವಿಮಾನದ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲ. ರೆಕ್ಕೆಯ ತುದಿಯಿಂದ ತುದಿಗೆ 37 ಅಡಿ ಇದ್ದ ಅಮೆರಿಕದ ಮಸ್ಟಾಂಗ್ ಯುದ್ಧವಿಮಾನ ಈ ಲೆಕ್ಕದಲ್ಲಿ ಆರು ಅಂಗುಲಕ್ಕಿಂತ ತುಸು ಹೆಚ್ಚು ಅಗಲವಾಗುತ್ತದೆ.

ಬಿಡಿ ಭಾಗಗಳನ್ನು ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ ಮಾದರಿಗಳು ಬ್ರಿಟನ್ನಿನಲ್ಲಿ 1936ರಲ್ಲೇ ‘ಫ್ರಾಗ್ ಪೆಂಗ್ವಿನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿದ್ದವು. ಯುದ್ಧ ಬಂದಾಗ ಪುಟ್ಟ ವಿಮಾನಗಳಿಗೆ ಗಂಭೀರವಾದ ಕೆಲಸವೇ ಸಿಕ್ಕಿತು. ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ತರಬೇತಿ ಬೇಕಿತ್ತು. ಅದಕ್ಕಾಗಿ ಅಮೆರಿಕದ ನೌಕಾಪಡೆ 1942ರಲ್ಲಿ ಶಾಲಾ ಮಕ್ಕಳಿಗೆ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಕೊಡುವಂತೆ ಕರೆ ಕೊಟ್ಟಿತು. ಆ ಮಾದರಿಗಳಿಗೆ ಬಳಿದದ್ದು ಬರೀ ಕಪ್ಪು ಬಣ್ಣ. ದೂರದಿಂದ ಕಾಣುವ ಆಕಾರವಷ್ಟೇ ಅಲ್ಲಿ ಮುಖ್ಯವಾಗಿತ್ತು.

ಯುದ್ಧ ಮುಗಿದ ಮೇಲೆ ಏರ್‌ಫಿಕ್ಸ್, ರೆವೆಲ್, ಮೋನೋಗ್ರಾಂ ಮುಂತಾದ ಕಂಪನಿಗಳು ಈ ಹವ್ಯಾಸವನ್ನು ಮನೆಮನೆಗೂ ತಲುಪಿಸಿದವು. ಆಕಾರವನ್ನು ಕಾರ್ಖಾನೆಯೇ ಕೊಟ್ಟಮೇಲೆ ಹವ್ಯಾಸಿಗೆ ಉಳಿದ ದೊಡ್ಡ ಸವಾಲು ಮೇಲ್ಮೈಯದು. ಹಸಿರು ಕಂದು ಮರೆಬಣ್ಣದ ವಿಮಾನವಾದರೆ ಕೆಲಸ ಸುಲಭ. ಅಲ್ಲಿ ಬಣ್ಣದಿಂದ ಅನುಕರಿಸಬೇಕಾದದ್ದು ಬಣ್ಣವನ್ನೇ. ಲೋಹದ ಮೈಯ ವಿಮಾನ ಬಂದಾಗ ತೊಡಕು ಶುರುವಾಗುತ್ತದೆ. ಇಲ್ಲಿ ಬಣ್ಣದಿಂದ ಅನುಕರಿಸಬೇಕಾದದ್ದು ಬಣ್ಣವೇ ಅಲ್ಲದ ಇನ್ನೊಂದನ್ನು.

ವಿಮಾನ ಬೆತ್ತಲೆಯಾದದ್ದು

ಹಾಗಾದರೆ ಕೆಲವು ವಿಮಾನಗಳಿಗೆ ಬಣ್ಣವನ್ನೇ ಬಳಿಯದೆ ಬಿಟ್ಟದ್ದೇಕೆ? ಇದಕ್ಕೆ ಉತ್ತರ ಲೋಹದ ಚರಿತ್ರೆಯಲ್ಲಿದೆ.

ಶುದ್ಧ ಅಲ್ಯೂಮಿನಿಯಂ ಹಗುರ, ಆದರೆ ಮೆದು. ವಿಮಾನದ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಜರ್ಮನಿಯ ಲೋಹವಿಜ್ಞಾನಿ ಆಲ್‌ಫ್ರೆಡ್ ವಿಲ್ಮ್ 1906ರಲ್ಲಿ ಅಲ್ಯೂಮಿನಿಯಂಗೆ ತಾಮ್ರ, ಮೆಗ್ನೀಸಿಯಂಗಳನ್ನು ಸ್ವಲ್ಪ ಬೆರೆಸಿ, ಕಾಯಿಸಿ, ತಣ್ಣಗೆ ಮಾಡಿದಾಗ ಒಂದು ವಿಚಿತ್ರವನ್ನು ಕಂಡರು. ಆ ಮಿಶ್ರಲೋಹ ಸುಮ್ಮನೆ ಇಟ್ಟರೂ ತಾನಾಗಿಯೇ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು. ವಾರದ ಕೊನೆಗೆ ಅರ್ಧಕ್ಕೆ ನಿಲ್ಲಿಸಿದ ಪರೀಕ್ಷೆಯನ್ನು ಸೋಮವಾರ ಮುಂದುವರಿಸಿದಾಗ ಇದು ಗೊತ್ತಾಯಿತು ಎಂದು ಹೇಳುತ್ತಾರೆ. ಡ್ಯೂರಾಲ್ಯುಮಿನ್ ಎಂದು ಹೆಸರಾದ ಈ ಲೋಹವೇ ಮುಂದೆ ವಿಮಾನಗಳ ಮೈ ಮೂಳೆ ಎರಡೂ ಆಯಿತು.

ಆದರೆ ತಾಮ್ರ ಸೇರಿದ ಈ ಲೋಹಕ್ಕೆ ಒಂದು ದೋಷವಿತ್ತು. ಗಾಳಿ, ತೇವ, ಉಪ್ಪುನೀರಿಗೆ ಬೇಗ ಸವೆಯುತ್ತಿತ್ತು. ಇದಕ್ಕೆ ಅಮೆರಿಕದ ಆಲ್ಕೋವಾ ಕಂಪನಿ 1927ರಲ್ಲಿ ಪರಿಹಾರ ಕಂಡುಕೊಂಡಿತು. ಗಟ್ಟಿ ಮಿಶ್ರಲೋಹದ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರವನ್ನು ಒತ್ತಿ ಕೂರಿಸಿದರು. ‘ಆಲ್‌ಕ್ಲಾಡ್’ ಎಂಬ ಈ ತಗಡು ಒಳಗೆ ಗಟ್ಟಿ, ಹೊರಗೆ ಶುದ್ಧ. ಮಳೆಬಿಸಿಲಿಗೆ ಹೆದರದ ಇಂಥ ತಗಡಿಗೆ ಬಣ್ಣ ಬೇಕೇಬೇಕು ಎನ್ನುವಂತಿರಲಿಲ್ಲ. 1935ರಲ್ಲಿ ಮೊದಲು ಹಾರಿದ ಡಿಸಿ-3ನಂಥ ಪ್ರಯಾಣಿಕ ವಿಮಾನಗಳು ಲೋಹದ ಮೈಯಲ್ಲೇ ಮೆರೆದವು.

ಎರಡನೇ ಮಹಾಯುದ್ಧ ಬಂದಾಗ ಬಹುಪಾಲು ಯುದ್ಧವಿಮಾನಗಳು ಮರೆಬಣ್ಣದ ಹೊದಿಕೆ ಹೊದ್ದವು. ಆಮೇಲೆ ಗಾಳಿ ತಿರುಗಿತು. 1943ರ ಕೊನೆಯ ಹೊತ್ತಿಗೆ ಅಮೆರಿಕದ ವಾಯುಪಡೆ ತನ್ನ ಬಹುಪಾಲು ವಿಮಾನಗಳಿಗೆ ಮರೆಬಣ್ಣ ಬೇಡ ಎಂದು ತೀರ್ಮಾನಿಸಿತು. 1944ರ ಆರಂಭದಿಂದ ಕಾರ್ಖಾನೆಗಳಿಂದ ಲೋಹದ ಮೈಯ ವಿಮಾನಗಳು ಹೊರಬೀಳತೊಡಗಿದವು. ಬಣ್ಣವಿಲ್ಲದಿದ್ದರೆ ತೂಕ ಕಡಿಮೆ, ವೇಗ ತುಸು ಹೆಚ್ಚು, ಕಾರ್ಖಾನೆಯಲ್ಲಿ ಸಮಯವೂ ಉಳಿತಾಯ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಆಕಾಶದಲ್ಲಿ ಮೇಲುಗೈ ಸಾಧಿಸಿದವನಿಗೆ ಬಚ್ಚಿಟ್ಟುಕೊಳ್ಳುವ ಅಗತ್ಯ ಇರಲಿಲ್ಲ. ಹೊಳೆಯುವ ವಿಮಾನ ಒಂದು ಬಗೆಯಲ್ಲಿ ಗೆಲ್ಲುತ್ತಿರುವವನ ಧೈರ್ಯದ ಗುರುತು.

ಒಂದು ಮೈ, ಹತ್ತು ಛಾಯೆ

ಬಣ್ಣ ತೆಗೆದ ಮೇಲೆ ಕಂಡದ್ದು ಒಂದೇ ಬೆಳ್ಳಿ ಬಣ್ಣವಲ್ಲ. ವಿಮಾನದ ಮೈ ನೂರಾರು ತಗಡುಗಳ ಜೋಡಣೆ. ಒಂದೊಂದು ತಗಡಿನ ದಪ್ಪ ಬೇರೆ, ಅದನ್ನು ಕಾಯಿಸಿದ ಹದ ಬೇರೆ. ಗಿರಣಿಯ ಉರುಳೆಗಳ ನಡುವೆ ತಗಡು ಲಟ್ಟಿಸಿಕೊಂಡು ಬರುವಾಗ ಅದರ ಮೇಲೆ ಮರದ ನಾರಿನಂಥ ಸೂಕ್ಷ್ಮ ಗೆರೆಗಳು ಉಳಿಯುತ್ತವೆ. ಒಂದು ತಗಡನ್ನು ಉದ್ದಕ್ಕೂ ಪಕ್ಕದ್ದನ್ನು ಅಡ್ಡಕ್ಕೂ ಕೂರಿಸಿದರೆ ಬೆಳಕು ಎರಡರ ಮೇಲೂ ಬೇರೆ ಬೇರೆ ರೀತಿ ಬೀಳುತ್ತದೆ. ರೇಷ್ಮೆ ಸೀರೆಯ ಮಡಿಕೆ ತಿರುಗಿಸಿದಾಗ ಛಾಯೆ ಬದಲಾಗುವಂತೆ, ವಿಮಾನ ತಿರುಗಿದರೆ ಇಷ್ಟು ಹೊತ್ತು ಮಂಕಾಗಿದ್ದ ತಗಡು ಬೆಳಗುತ್ತದೆ, ಬೆಳಗುತ್ತಿದ್ದದ್ದು ಮಂಕಾಗುತ್ತದೆ.

ಅಷ್ಟೇ ಅಲ್ಲ. ಎಂಜಿನ್ನಿನ ಹೊಗೆ ಕೊಳವೆಗಳು ಉಕ್ಕಿನವು. ಅವು ಬಿಸಿಗೆ ಕಂದಾಗುತ್ತವೆ. ಮಸ್ಟಾಂಗ್‌ನ ಬಾಲದ ಚುಕ್ಕಾಣಿಗೆ ಬಟ್ಟೆಯ ಹೊದಿಕೆ ಇತ್ತು. ಅದರ ಮೇಲೆ ಬಳಿದದ್ದು ಅಲ್ಯೂಮಿನಿಯಂ ಪುಡಿ ಬೆರೆಸಿದ ಬಣ್ಣ. ಅದು ಲೋಹದಂತೆ ಹೊಳೆಯುತ್ತಿರಲಿಲ್ಲ. ಪೈಲಟ್‌ನ ಕಣ್ಣಿಗೆ ಬಿಸಿಲು ಕುಕ್ಕದಿರಲಿ ಎಂದು ಮೂಗಿನ ಮೇಲ್ಭಾಗಕ್ಕೆ ಮಂಕು ಹಸಿರು ಪಟ್ಟಿ ಬಳಿಯುತ್ತಿದ್ದರು. ಜೆಟ್ ಯುಗ ಬಂದ ಮೇಲೆ ಛಾಯೆಗಳು ಇನ್ನೂ ಹೆಚ್ಚಿದವು. 1953ರಲ್ಲಿ ಮೊದಲು ಹಾರಿದ ಎಫ್-100 ಸೂಪರ್ ಸೇಬರ್ ವಿಮಾನದ ಹಿಂಭಾಗ ಟೈಟಾನಿಯಂ ಲೋಹದ್ದು. ಅಲ್ಲಿನ ಉರಿಗೆ ಅದು ಹುಲ್ಲಿನ ಹಳದಿ, ಕಂದು, ನೀಲಿ, ನೇರಳೆಯಾಗಿ ಬದಲಾಗುತ್ತಿತ್ತು. ಬಣ್ಣ ಬಳಿಯದ ವಿಮಾನವೇ ಎಲ್ಲಕ್ಕಿಂತ ಹೆಚ್ಚು ಬಣ್ಣದ ವಿಮಾನ ಎಂದರೂ ತಪ್ಪಾಗದು.

ಹಾಳೆಯಿಂದ ಲ್ಯಾಕರ್‌ವರೆಗೆ

ಇದನ್ನೆಲ್ಲ ಪ್ಲಾಸ್ಟಿಕ್ ಮೇಲೆ ತರುವುದು ಹೇಗೆ? ಮೊದಲಿಗೆ ಎಲ್ಲರೂ ಮಾಡಿದ್ದು ಡಬ್ಬಿಯಲ್ಲಿ ಸಿಗುವ ಬೆಳ್ಳಿ ಬಣ್ಣವನ್ನು ಬಳಿಯುವುದು. ಫಲಿತಾಂಶ ಆಟಿಕೆಯಂತೆ ಕಾಣುತ್ತಿತ್ತು. ಕಾರಣ ಸರಳ ಲೆಕ್ಕದಲ್ಲಿದೆ. ಬೆಳ್ಳಿ ಬಣ್ಣ ಎಂದರೆ ಎಣ್ಣೆಯಲ್ಲಿ ತೇಲುವ ಅಲ್ಯೂಮಿನಿಯಂ ಚೂರುಗಳು. ಒಂದು ಚೂರು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಇದೆ ಎಂದುಕೊಳ್ಳಿ. ಅದನ್ನು 72ರಿಂದ ಗುಣಿಸಿದರೆ 3.6 ಮಿಲಿಮೀಟರ್. ನಿಜ ವಿಮಾನದ ಮೈಮೇಲೆಲ್ಲ ಕಡಲೆಬೇಳೆಯಷ್ಟು ದೊಡ್ಡ ಹರಳು ಅಂಟಿಸಿದರೆ ಹೇಗಿದ್ದೀತು? ವಿಮಾನವನ್ನು ಕುಗ್ಗಿಸಬಹುದು, ಬಣ್ಣದ ಕಣ ತಾನಾಗಿ ಕುಗ್ಗುವುದಿಲ್ಲ.

ಲೋಹವನ್ನು ಲೋಹದಿಂದಲೇ ತೋರಿಸೋಣ ಎಂದು ಹೊರಟವರು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಕೈ ಹಾಕಿದರು. ಹಾಳೆಯ ಹಿಂಬದಿಗೆ ತೆಳುವಾಗಿ ಅಂಟು ಸವರಿ, ಅದು ಆರಿ ಜಿಗುಟಾದ ಮೇಲೆ, ವಿಮಾನದ ಒಂದೊಂದು ತಗಡಿನ ಅಳತೆಗೆ ತುಂಡು ಕತ್ತರಿಸಿ ಕೂರಿಸಬೇಕು. ಹತ್ತಿ ಸುತ್ತಿದ ಕಡ್ಡಿಯಿಂದ ಮಧ್ಯದಿಂದ ಅಂಚಿಗೆ ಉಜ್ಜುತ್ತ ಹೋದರೆ ಸುಕ್ಕು ಬಿಡುತ್ತದೆ, ಕೆಳಗಿನ ಗೆರೆಗಳು ಮೇಲೆ ಮೂಡುತ್ತವೆ. ಹರಿತವಾದ ಬ್ಲೇಡಿನಿಂದ ಗೆರೆಯ ಗುಂಟ ಹೆಚ್ಚಾದದ್ದನ್ನು ಕತ್ತರಿಸಿ ತೆಗೆದು ಪಕ್ಕದ ತಗಡಿಗೆ ಹೋಗಬೇಕು. ಅಡುಗೆಮನೆಯ ಹಾಳೆಗೂ ಲಟ್ಟಿಸಿದ ಗೆರೆಗಳಿರುತ್ತವೆ. ಒಂದು ತುಂಡನ್ನು ಉದ್ದಕ್ಕೆ ಇನ್ನೊಂದನ್ನು ಅಡ್ಡಕ್ಕೆ ಕೂರಿಸಿದರೆ ನಿಜ ವಿಮಾನದ ಛಾಯೆಯ ಆಟ ತಾನಾಗಿಯೇ ಬರುತ್ತದೆ. ಒಂದು ತುಂಡನ್ನು ನುಣ್ಣನೆಯ ಉಕ್ಕಿನ ಉಣ್ಣೆಯಿಂದ ತಿಕ್ಕಿ ಮಂಕು ಮಾಡಬಹುದು. ಮೂಗಿನಂಥ ದುಂಡು ಭಾಗಗಳಲ್ಲಿ ಮಾತ್ರ ಕೈ ನಡುಗುತ್ತದೆ. ಅಲ್ಲಿ ಹಾಳೆ ಮಡಚಿಕೊಳ್ಳುತ್ತದೆ, ಇಲ್ಲವೆ ಹರಿಯುತ್ತದೆ. ಇದೇ ಕೆಲಸಕ್ಕೆಂದೇ ಅಂಟು ಸಮೇತ ಸಿಗುವ ಇನ್ನೂ ತೆಳುವಾದ ಹಾಳೆಗಳು ನಂತರ ಬಂದವು.

ಇನ್ನು ಕೆಲವರು ಮೇಣದಲ್ಲಿ ಲೋಹದ ಪುಡಿ ಕಲಸಿದ ಮುಲಾಮನ್ನು ಬೆರಳಿನಿಂದ ಸವರಿ ಬಟ್ಟೆಯಿಂದ ಉಜ್ಜಿದರು. ಮುಂದೆ ಉಜ್ಜಿದರೆ ಹೊಳೆಯುವ ಬಣ್ಣಗಳು ಬಂದವು. ಹಂಬ್ರಾಲ್ ಕಂಪನಿಯ ಮೆಟಲ್‌ಕೋಟ್, ಟೆಸ್ಟರ್ಸ್ ಕಂಪನಿಯ ಮೆಟಲೈಸರ್ ಇಂಥವು. ಇವುಗಳಲ್ಲಿ ಕಣಗಳು ಬಹಳ ನುಣುಪು. ಆದರೆ ಮೈ ಬಹಳ ನಾಜೂಕು. ಬೆರಳು ತಾಗಿದರೆ ಗುರುತು ಬೀಳುತ್ತದೆ, ಅಂಟುಪಟ್ಟಿ ಹಚ್ಚಿ ಕಿತ್ತರೆ ಬಣ್ಣವೂ ಜೊತೆಗೆ ಬರುತ್ತದೆ. ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದ್ದು ‘ಆಲ್‌ಕ್ಲಾಡ್ 2’ ಎಂಬ ಲ್ಯಾಕರ್. ನಿಜ ವಿಮಾನದ ತಗಡಿನ ಹೆಸರನ್ನೇ ಇದಕ್ಕೆ ಇಟ್ಟಿರುವುದು ಸ್ವಾರಸ್ಯಕರ. ಹೊಳಪಿನ ಕಪ್ಪು ಬಣ್ಣದ ಮೇಲೆ ಇದನ್ನು ಗಾಳಿಪಿಚಕಾರಿಯಿಂದ ಮಂಜಿನಂತೆ ಸಿಂಪಡಿಸಿದರೆ ಕಪ್ಪೇ ಲೋಹವಾಗಿ ತಿರುಗಿದಂತೆ ಕಾಣುತ್ತದೆ. ಈಚಿನ ವರ್ಷಗಳಲ್ಲಿ ಅಷ್ಟು ಘಾಟಿಲ್ಲದ ನೀರಿನ ಬಣ್ಣಗಳೂ ಬಂದಿವೆ.

ವಿಧಾನ ಯಾವುದಾದರೂ ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಮರೆಬಣ್ಣ ತಪ್ಪುಗಳನ್ನು ಮುಚ್ಚುತ್ತದೆ, ಲೋಹ ಒಂದನ್ನೂ ಮುಚ್ಚುವುದಿಲ್ಲ. ಕೂದಲೆಳೆಯ ಗೀರು, ಅಂಟಿನ ಬಿಂದು, ಬೆರಳಚ್ಚು, ಎಲ್ಲವೂ ಎದ್ದು ಕಾಣುತ್ತವೆ. ಆದ್ದರಿಂದ ಕೆಲಸದ ಮುಕ್ಕಾಲು ಪಾಲು ಬಣ್ಣ ಮುಟ್ಟುವ ಮೊದಲೇ ಮುಗಿದಿರಬೇಕು. ನುಣುಪು ಕಾಗದಗಳಿಂದ ಒಂದಾದ ಮೇಲೊಂದರಂತೆ ತಿಕ್ಕಿ, ತೊಳೆದು, ಒರೆಸಿ ಇಡಬೇಕು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ತವರ ಮುಟ್ಟುವ ಮೊದಲು ಪಾತ್ರೆಯನ್ನು ಎಷ್ಟು ಹೊತ್ತು ತಿಕ್ಕುತ್ತಿದ್ದರು ಎಂಬುದನ್ನು ಹಿರಿಯರು ನೆನಪಿಸಿಕೊಳ್ಳಬಹುದು. ತಳ ಶುದ್ಧವಾಗದೆ ಕಲಾಯಿ ಹಿಡಿಯದು. ಇಲ್ಲಿಯೂ ಅದೇ ನೀತಿ.

ಮಸ್ಟಾಂಗ್ ರೆಕ್ಕೆಯ ಗುಟ್ಟು

ಇಷ್ಟೆಲ್ಲ ಕಲಿತ ಹವ್ಯಾಸಿಗಳು ವರ್ಷಾನುಗಟ್ಟಲೆ ಒಂದು ದೊಡ್ಡ ತಪ್ಪು ಮಾಡುತ್ತ ಬಂದರು. ಅದೂ ಅತ್ಯಂತ ಜನಪ್ರಿಯ ವಿಮಾನದ ವಿಷಯದಲ್ಲಿ.

ಮಸ್ಟಾಂಗ್ 1940ರ ಅಕ್ಟೋಬರ್‌ನಲ್ಲಿ ಮೊದಲು ಹಾರಿತು. ನಾರ್ತ್ ಅಮೆರಿಕನ್ ಕಂಪನಿಯಲ್ಲಿ ಎಡ್ಗರ್ ಶ್ಮೂಡ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ವಿಮಾನದ ರೆಕ್ಕೆಯ ಆಕಾರ ಆ ಕಾಲಕ್ಕೆ ಹೊಸದು. ಗಾಳಿ ರೆಕ್ಕೆಯ ಮೇಲೆ ಚದುರದೆ ಪದರ ಪದರವಾಗಿ ಆದಷ್ಟು ದೂರ ಜಾರಿಹೋಗಬೇಕು, ಆಗ ಗಾಳಿಯ ತಡೆ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ತತ್ತ್ವ. ಆದರೆ ರಿವೆಟ್ಟಿನ ತಲೆ, ತಗಡು ಸೇರುವ ಗೆರೆ, ಇಷ್ಟು ಸಾಕು ಗಾಳಿಯ ಪದರ ಒಡೆಯಲು. ಆದ್ದರಿಂದ ಕಾರ್ಖಾನೆಯಲ್ಲಿ ರೆಕ್ಕೆಯ ಮುಂಭಾಗದ ಸುಮಾರು ಶೇ 40ರಷ್ಟು ಅಗಲಕ್ಕೆ ರಿವೆಟ್ಟುಗಳನ್ನೂ ಸಂದುಗಳನ್ನೂ ಪುಟ್ಟಿಯಿಂದ ಮೆತ್ತಿ, ತಿಕ್ಕಿ ನುಣುಪು ಮಾಡುತ್ತಿದ್ದರು. ಆ ಮೆತ್ತಿಗೆಯನ್ನು ಕಾಪಾಡಲು ರೆಕ್ಕೆಗೆ ಅಲ್ಯೂಮಿನಿಯಂ ಬಣ್ಣ ಬಳಿಯುತ್ತಿದ್ದರು.

ಅಂದರೆ ಲೋಹದ ಮೈಯ ವಿಮಾನ ಎಂದು ಹೆಸರಾದ ಮಸ್ಟಾಂಗ್‌ನ ಒಡಲು ಬರಿ ಲೋಹ, ರೆಕ್ಕೆ ಮಾತ್ರ ಬಣ್ಣ! ಮಾದರಿಯಲ್ಲಿ ಹಾಳೆ ಅಂಟಿಸಿ ರಿವೆಟ್ಟು ರಿವೆಟ್ಟಾಗಿ ಮಿರುಗಿಸಿದ ರೆಕ್ಕೆ, ಎಷ್ಟೇ ಕೌಶಲದ್ದಾದರೂ, ಯುದ್ಧಕಾಲದ ಮಸ್ಟಾಂಗ್‌ನದಲ್ಲ.

ಈ ತಪ್ಪು ಬಂದದ್ದೆಲ್ಲಿಂದ? ಹವ್ಯಾಸಿಗಳು ಅಸಡ್ಡೆ ಮಾಡಿದ್ದರಿಂದಲ್ಲ, ನಿಜವಾದ ವಿಮಾನವನ್ನೇ ನೋಡಿ ಮಾಡಿದ್ದರಿಂದ. ಇಂದಿಗೂ ಹಾರುವ ಹಳೆಯ ಮಸ್ಟಾಂಗ್‌ಗಳು ಅನೇಕ ಇವೆ. ವಿಮಾನ ಪ್ರದರ್ಶನಗಳಲ್ಲಿ ಅವು ಕನ್ನಡಿಯಂತೆ ಹೊಳೆಯುತ್ತವೆ. ಅವುಗಳ ಒಡೆಯರು ಪ್ರೀತಿಯಿಂದ ಗಂಟೆಗಟ್ಟಲೆ ಉಜ್ಜುತ್ತಾರೆ. ಬಹಳಷ್ಟು ವಿಮಾನಗಳಲ್ಲಿ ರೆಕ್ಕೆಯ ಪುಟ್ಟಿ, ಬಣ್ಣ ಎರಡೂ ಹೋಗಿ ಲೋಹ ಬಯಲಾಗಿದೆ. ಯುದ್ಧದ ದಿನಗಳಲ್ಲಿ ಇವೇ ವಿಮಾನಗಳು ಬಯಲಲ್ಲಿ ನಿಂತು, ಮಳೆ ಕೆಸರು ತಿಂದು, ಎಣ್ಣೆ ಹೊಗೆ ಹಿಡಿದು, ಮೆಕ್ಯಾನಿಕ್‌ಗಳ ಬೂಟಿನ ಗೀರು ಹೊತ್ತು ಹಾರುತ್ತಿದ್ದವು. ಹೊಸದರಲ್ಲಿ ಇದ್ದ ಹೊಳಪು ಬೇಗ ಮಾಸುತ್ತಿತ್ತು, ನಮ್ಮ ಡಬರಿಯಂತೆಯೇ. 1944-45ರ ಫೋಟೊಗಳನ್ನು ಭೂತಗನ್ನಡಿ ಹಿಡಿದು ನೋಡಿದವರಿಗೆ, ಕಾರ್ಖಾನೆಯ ಕಡತಗಳನ್ನು ಓದಿದವರಿಗೆ ಇದು ಸ್ಪಷ್ಟವಾಯಿತು. ಈಗ ಬಲ್ಲ ಹವ್ಯಾಸಿ ಮಸ್ಟಾಂಗ್ ಮಾಡುವಾಗ ರೆಕ್ಕೆಯ ಸಂದುಗಳನ್ನು ಬೇಕೆಂದೇ ಮುಚ್ಚಿ, ಅದಕ್ಕೆ ಮಂಕು ಬೆಳ್ಳಿ ಬಣ್ಣ ಬಳಿಯುತ್ತಾನೆ. ಕಲಿಕೆಯ ಆರಂಭದಲ್ಲಿ ಬೇಡವೆಂದು ಬಿಟ್ಟಿದ್ದ ಅದೇ ಬೆಳ್ಳಿ ಬಣ್ಣ ಇಲ್ಲಿ ಸತ್ಯವಾಗುತ್ತದೆ. ತಿಳಿಯದವರ ಕಣ್ಣಿಗೆ ಅದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣುವ ಅಪಾಯವಂತೂ ಇದ್ದೇ ಇದೆ.

ಬೆಂಗಳೂರಿನ ಲಿಬರೇಟರ್‌ಗಳು

ಈ ಕಥೆಗೆ ನಮ್ಮ ನಾಡಿನ ನಂಟೂ ಉಂಟು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಲೋಹದ ತಗಡು ಬಡಿದು, ರಿವೆಟ್ಟು ಹೊಡೆದು ವಿಮಾನಕ್ಕೆ ಮೈ ಹೊದಿಸುವ ವಿದ್ಯೆ ಇಲ್ಲಿನ ಕೈಗಳಿಗೆ ಹತ್ತಿದ್ದು ಆ ವರ್ಷಗಳಲ್ಲಿ.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಬಳಿಯಿದ್ದ ಅಮೆರಿಕನ್ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟು ಹೋಯಿತು. 1948ರಲ್ಲಿ ಹೆಚ್‌ಎಎಲ್‌ನ ತಂಡ ಆ ಗುಜರಿಯಿಂದ ವಿಮಾನಗಳನ್ನು ಆಯ್ದು, ಹಾರುವಷ್ಟರ ಮಟ್ಟಿಗೆ ಸರಿಪಡಿಸಿತು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ನವೀಕರಣಗೊಂಡ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ದುಡಿದವು. ಅವುಗಳಲ್ಲಿ ಉಳಿದ ಕೆಲವು ವಿದೇಶದ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ನಿನ ಲಿಬರೇಟರ್ ಇವುಗಳಲ್ಲಿ ಒಂದು. 1989ರಲ್ಲಿ ಮತ್ತೆ ಹಾರಿದಾಗ ಅದರ ಮೈ ಬರಿ ಲೋಹ. 2005ರಲ್ಲಿ ಅದಕ್ಕೆ ಹಸಿರು ಮರೆಬಣ್ಣ ಬಳಿದು ಬೇರೊಂದು ವಿಮಾನದ ವೇಷ ತೊಡಿಸಿದರು. ಅದನ್ನು ನೋಡಿ ಮಾದರಿ ಮಾಡುವವನು ಯಾವುದನ್ನು ನಿಜ ಎನ್ನಬೇಕು?

ಸ್ವಾತಂತ್ರ್ಯಾನಂತರದ ನಮ್ಮ ವಾಯುಪಡೆಯ ವಿಮಾನಗಳಿಗೂ ಒಂದು ಲೋಹದ ಯುಗವಿತ್ತು. 1950ರ ದಶಕದಲ್ಲಿ ಫ್ರಾನ್ಸ್‌ನಿಂದ ಬಂದ ತೂಫಾನಿ, ಮಿಸ್ಟೇರ್ ಜೆಟ್‌ಗಳು ಲೋಹದ ಮೈಯಲ್ಲೇ ಹಾರುತ್ತಿದ್ದವು. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 6ರಂದು ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ ನೆಲದ ಮೇಲಿದ್ದ ವಿಮಾನಗಳನ್ನು ನಾಶಮಾಡಿದವು. ಬಿಸಿಲಿಗೆ ಹೊಳೆಯುವ ಲೋಹ ಮೇಲಿನಿಂದ ಬರುವವನಿಗೆ ಸುಲಭದ ಗುರಿ. ಆ ಯುದ್ಧದ ದಿನಗಳಲ್ಲಿ ವಿಮಾನಗಳಿಗೆ ಅವಸರದಲ್ಲಿ ಮರೆಬಣ್ಣ ಬಳಿಯಲಾಯಿತು. ಗೆಲುವಿನ ಭರವಸೆಯಲ್ಲಿ ಅಮೆರಿಕ 1944ರಲ್ಲಿ ಕಳಚಿದ್ದನ್ನು, ದಾಳಿಯ ಭಯದಲ್ಲಿ ಭಾರತ 1965ರಲ್ಲಿ ತೊಡಬೇಕಾಯಿತು.

ಅಂಗೈಯಲ್ಲಿ ಉಳಿದದ್ದು

ಬಯಲಲ್ಲಿ ನಿಲ್ಲಿಸಿದ ಹಳೆಯ ವಿಮಾನಕ್ಕೆ ಬಣ್ಣ ಬಳಿಯದೆ ಗತ್ಯಂತರವಿಲ್ಲ. ಬಳಿಯದಿದ್ದರೆ ಮಳೆಗಾಳಿಗೆ ತಗಡು ಕ್ರಮೇಣ ಸವೆಯುತ್ತದೆ. ಊರಿನ ವೃತ್ತಗಳಲ್ಲಿ, ಸೈನಿಕ ಶಾಲೆಗಳ ಮುಂದೆ ಕಂಬದ ಮೇಲೆ ನಿಂತ ವಿಮಾನಗಳನ್ನು ನೋಡಿ. ರೆಕ್ಕೆ, ಒಡಲು, ಹೊಗೆ ಕೊಳವೆ ಎಂಬ ಭೇದವಿಲ್ಲದೆ ಒಂದೇ ಬಣ್ಣ. ಕಾಪಾಡುವವರ ಉದ್ದೇಶ ಒಳ್ಳೆಯದೇ. ಆದರೆ ಯಾವ ತಗಡು ಯಾವ ದಿಕ್ಕಿಗೆ ಲಟ್ಟಿಸಿದ್ದು, ಯಾವುದು ಬಿಸಿಗೆ ಕಂದಿದ್ದು, ಯಾವುದನ್ನು ದುರಸ್ತಿಯಲ್ಲಿ ಬದಲಿಸಿದ್ದು ಎಂಬ ಗುರುತೆಲ್ಲ ಆ ಬಣ್ಣದಡಿ ಮುಚ್ಚಿಹೋಗುತ್ತದೆ. ಹಾರುವ ವಿಮಾನದಲ್ಲಿ ಉಜ್ಜಿ ಅಳಿಸಿದ್ದನ್ನು ನಿಂತ ವಿಮಾನದಲ್ಲಿ ಬಳಿದು ಅಳಿಸಿದಂತಾಯಿತು.

ಆ ಗುರುತುಗಳನ್ನು ಹಳೆಯ ಫೋಟೊಗಳಿಂದ ಹೆಕ್ಕಿ, ಆರು ಅಂಗುಲದ ಪ್ಲಾಸ್ಟಿಕ್ ಮೇಲೆ ಮತ್ತೆ ಮೂಡಿಸುತ್ತಿರುವವರು ಈ ಹವ್ಯಾಸಿಗಳು. ಅವರಿಗೆ ಇತಿಹಾಸಕಾರರೆಂಬ ಬಿರುದಿಲ್ಲ, ಬೇಕಾಗಿಯೂ ಇಲ್ಲ. ಮುಂದೆ ಎಂದಾದರೂ ಮಾದರಿಗಳ ಪ್ರದರ್ಶನಕ್ಕೆ ಹೋದಾಗ, ಒಡಲು ಮಿನುಗುತ್ತ ರೆಕ್ಕೆ ಮಾತ್ರ ಮಂಕಾಗಿರುವ ಪುಟ್ಟ ಮಸ್ಟಾಂಗ್ ಕಂಡರೆ, ಇದಕ್ಕಿನ್ನೂ ಸ್ವಲ್ಪ ಪಾಲಿಷ್ ಬೇಕಿತ್ತು ಎಂದು ಮುಂದೆ ಹೋಗಬೇಡಿ. ಒಂದು ಕ್ಷಣ ನಿಂತು ನೋಡಿ. ಅದನ್ನು ಮಾಡಿದವರಿಗೆ ರೆಕ್ಕೆಯನ್ನು ಹೊಳೆಯಿಸಲು ಬರುತ್ತಿತ್ತು, ಬೇಕೆಂದೇ ಹೊಳೆಯಿಸಿಲ್ಲ.